ಒಂಬತ್ತರಿಂದ ಒಂದು

ಪ್ಲೋವ್‌ದಿವ್. ಅರ್ಧ ದಿನ. ಒಬ್ಬರೇ ಗಿರಾಕಿ.
ಹೋಟೆಲಿನ ಮೆಟ್ಟಿಲಲ್ಲಿ ಕೆಂಪು ಛತ್ರಿ ಹಿಡಿದು ನಿಂತಿದ್ದೆ,
ಮಳೆಗಲ್ಲ, ಗುರುತಿಗೆ.
ಅರವತ್ತು ದಾಟಿದವರು, ಬೂದು ಟೋಪಿ, ಬುರ್ಸಾದಿಂದ.
'ನಾಜ್ಮಿ' ಅಂದರು. 'ರಾಲಿತ್ಸಾ' ಅಂದೆ.
ಇಂಗ್ಲಿಷಿನಲ್ಲಿ ಶುರುವಾಯಿತು ನನ್ನ ಗಿಣಿಪಾಠ:

ಏಳು ಗುಡ್ಡಗಳ ಊರಿದು, ಎಣಿಸಿದರೆ ಆರೇ.
ಏಳನೆಯದನ್ನು ಒಡೆದು ಬೀದಿಗೆ ಹಾಸಿದರು,
ನಾವೀಗ ನಿಂತಿರುವುದು ಅದರ ಮೇಲೆಯೇ.
ಇಲ್ಲಿ ಎಲ್ಲರೂ ನಗುತ್ತಾರೆ, ಕಾಲಡಿ ನೋಡಿಕೊಳ್ಳುತ್ತಾರೆ.
ಅವರು ನಗಲಿಲ್ಲ. ಬೂಟಿನ ತುದಿಯಿಂದ
ಒಂದು ಕಲ್ಲನ್ನು ಮೆಲ್ಲಗೆ ತಟ್ಟಿದರು,
ಮಲಗಿದ ನಾಯಿಯನ್ನು ಎಬ್ಬಿಸಲೋ ಬೇಡವೋ ಅನ್ನುವ ಹಾಗೆ.

ದೊಡ್ಡ ಬೀದಿಯ ಅಡಿಯಲ್ಲಿ ರೋಮನ್ನರ ಓಟದ ಬಯಲು.
ಮೂವತ್ತು ಸಾವಿರ ಜನ ಕೂರುತ್ತಿದ್ದರಂತೆ.
ಅಗೆದದ್ದು ಒಂದು ತುದಿ ಮಾತ್ರ,
ಮಿಕ್ಕದ್ದು ಚಪ್ಪಲಿ ಅಂಗಡಿ, ಐಸ್‌ಕ್ರೀಮಿನ ಕೆಳಗೆ
ಇನ್ನೂ ಓಡುತ್ತಲೇ ಇದೆ.
ಪಕ್ಕದ ಮಸೀದಿ ಗೋಡೆಯ ನೆರಳುಗಡಿಯಾರಕ್ಕೆ
ಅವರು ಕೈಗಡಿಯಾರ ಹೋಲಿಸಿ ನೋಡಿದರು.
ಕೀಲಿ ತಿರುಗಿಸಿ ಸರಿಮಾಡಿದ್ದು ಕೈಯದನ್ನು.

ಏರುದಾರಿಯಲ್ಲಿ ಕವಲು ಬಂತು.
ನಾನು ಛತ್ರಿ ಎತ್ತುವ ಮೊದಲೇ
ಅವರ ಕಾಲು ಬಲಕ್ಕೆ ಹೊರಳಿತ್ತು.
ಆಗಲೇ ನನಗೆ ತಿಳಿಯಬೇಕಿತ್ತು.

ರಂಗಮಂದಿರ. ಮಣ್ಣು ಕುಸಿದಾಗ ಕಂಡದ್ದು,
ಎಂದು ನಾನು ಹೇಳುತ್ತಿರುವಾಗ
ಅವರು ನಾಲ್ಕನೆಯ ಸಾಲಿಗೆ ಇಳಿದು ಕೂತು
ಎರಡು ಕಲ್ಲುಗಳ ಸಂದಿಗೆ ಹೆಬ್ಬೆರಳು ತೂರಿಸಿ
ನನ್ನ ಭಾಷೆಯಲ್ಲಿ, ನನ್ನಜ್ಜಿಯ ಕಾಲದ ಅಪ್ಪಟ ಭಾಷೆಯಲ್ಲಿ ಅಂದರು:
'ಇಂಗ್ಲಿಷ್ ಸಾಕು ಮಗಳೇ.
ಇದು ರೋಮನ್ನರದ್ದಲ್ಲ. ಈ ಸಿಮೆಂಟು ನಂದು.
ಹದಿನೇಳು ವರ್ಷ ಆಗ. ನೀರು ಜಾಸ್ತಿ ಹಾಕಿದೆ ಅಂತ
ಮೇಸ್ತ್ರಿ ಉಗಿದಿದ್ದ. ನೋಡು,
ಅವನೇ ಸರಿ, ಬಿರುಕು ಬಿಟ್ಟಿದೆ.'

ಗಿಣಿಗೆ ಮಾತು ಕಟ್ಟಿತು.

'ಎಂಬತ್ತೈದರ ಚಳಿ. ಕಚೇರಿಯಲ್ಲಿ ಪಟ್ಟಿ ಮುಂದಿಟ್ಟರು,
ಹೊಸ ಹೆಸರು ಆರಿಸಿಕೋ ಅಂದರು.
ಮೊದಲಕ್ಷರವಾದರೂ ಉಳಿಯಲಿ ಅಂತ ನೈಡೆನ್ ಅಂದೆ.
ಸಿಕ್ಕವನು ಅಂತ ತಾನೆ ಅರ್ಥ?
ನಾಲ್ಕು ವರ್ಷ ಸಿಕ್ಕವನಾಗಿದ್ದೆ.
ಆಮೇಲೆ ಗಡಿ ತೆರೆದರು.
ಕಾರಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಹೊಲಿಗೆ ಯಂತ್ರ,
ಅದರ ಮೇಲೆ ಊರಿನಷ್ಟು ಧೂಳು.'

ನಾನು ಆರು ಗುಡ್ಡಗಳನ್ನೂ ನೋಡಿದೆ, ಅವರನ್ನು ಬಿಟ್ಟು.
ಆ ಚಳಿಗಾಲ ನನಗೆ ಏಳು.
ಅಮ್ಮ ನಗರ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದಳು.
ಸವೆದ ಕಾರ್ಬನ್ ಹಾಳೆಗಳನ್ನು ಮನೆಗೆ ತರುತ್ತಿದ್ದಳು,
ನನಗೆ ಚಿತ್ರ ಬರೆಯಲು.
ಬೆಳಕಿಗೆ ಹಿಡಿದರೆ ಒಳಗೆಲ್ಲ ಹೆಸರುಗಳು,
ಒಂದರ ಮೇಲೊಂದು, ಹಳೆಯದು, ಹೊಸದು.
ಅವುಗಳ ಮೇಲೆ ಮನೆ ಬರೆದೆ, ಹೊಗೆ ಬರೆದೆ, ಬಾತುಕೋಳಿ ಬರೆದೆ.
ಇದನ್ನು ಹೇಳಲಿಲ್ಲ.
ಬಾಯಿ ತೆರೆದದ್ದು ನಿಜ. ಬಂದ ಮಾತು:
'ನಿಮ್ಮ ಮನೆ ನೋಡಬೇಕೆ? ಹೋಗೋಣ.'
'ಅದು ನಿನ್ನ ಪಟ್ಟಿಯಲ್ಲಿಲ್ಲವಲ್ಲ' ಅಂದರು,
'ದುಡ್ಡು ಕೊಟ್ಟಿದ್ದೇನೆ. ಮುಂದೇನಿದೆ, ತೋರಿಸು.'

ತೋರಿಸಿದೆ. ವ್ಯಾಪಾರಿಯ ಮನೆಯ ಕೆತ್ತಿದ ಮಾಳಿಗೆ,
ಕೋಟೆಯ ಮೊಂಡು ಗೋಡೆ, ಅಂಜೂರದ ಗಿಡ.
ಎಲ್ಲವನ್ನೂ ಹೊಸಬರಂತೆ ಕೇಳಿಸಿಕೊಂಡರು.
ಒಂದು ಇಸವಿ ತಪ್ಪು ಹೇಳಿದೆ. ತಿದ್ದಲಿಲ್ಲ.

ಒಂದು ಗಂಟೆ. ರಸೀದಿ ಬೇಕೆಂದರು, ಹೆಸರು ಹಾಕಿ.
ಗೋಡೆಗೆ ಪುಸ್ತಕ ಒತ್ತಿಟ್ಟು ಬರೆಯತೊಡಗಿದೆ.
ನನ್ನ ಕೈಯನ್ನೇ ನೋಡುತ್ತಿದ್ದರು,
ಮೇಸ್ತ್ರಿ ನೋಡುವ ಹಾಗೆ.
'ಒತ್ತಿ ಬರಿ' ಅಂದರು,
'ಕೆಳಗಿನ ಹಾಳೆಗೂ ಇಳಿಯಬೇಕಲ್ಲ.'

ಮೇಲಿನದು ಅವರ ಜೇಬಿಗೆ ಹೋಯಿತು.

ಮೂರಕ್ಕೆ ಇಬ್ಬರು ಡೇನರು, ಒಂದು ಮಗು.
ಏಳು ಗುಡ್ಡ, ಅಂದೆ.
ಎಣಿಸಲು ಎತ್ತಿದ ಬೆರಳು ನೀಲಿಯಾಗಿತ್ತು.